ಮೋರಖಂಡಿ ಕಿಂಗ್ ಯಾರು?

ಕೊಟ್ಟಿಗೆಯಲ್ಲಿ ಗೂಟವಿತ್ತು. ಗೂಟಕ್ಕೆ ಕೊಯ್ದ ಹಗ್ಗದ ತುಂಡಿತ್ತು. ಸುಲ್ತಾನ ಇರಲಿಲ್ಲ.

ಸುಲ್ತಾನ ಅಂದರೆ ಟಗರು. ಹುಮನಾಬಾದಿನ ಹೊರಗೆ, ಹಳ್ಳಿಖೇಡದ ರಸ್ತೆಯಲ್ಲಿ ಕುರಿ ಸಾಕಿಕೊಂಡಿದ್ದ ದೇವಿಂದ್ರಪ್ಪನ ಮನೆಯದು. ಕಾಳಗದ ಕಣದಲ್ಲಿ ಅದು ಒಮ್ಮೆಯೂ ಹಿಂದೆ ಸರಿದಿದ್ದಿಲ್ಲ. ಅದರ ವಿಡಿಯೋ ನೋಡುವಷ್ಟು ಜನ ತಾಲ್ಲೂಕಿನ ಯಾವ ಪುಢಾರಿಯ ಭಾಷಣಕ್ಕೂ ಸೇರುತ್ತಿರಲಿಲ್ಲ. ಬೆಳಿಗ್ಗೆ ಮೇವು ಹಾಕಲು ಹೋದ ದೇವಿಂದ್ರಪ್ಪ ಖಾಲಿ ಗೂಟ ನೋಡಿ ಅಲ್ಲೇ ಕುಸಿದು ಕುಳಿತ. ಅವನ ಮಗ ಕಲ್ಲಿನಾಥ ಕೂರಲಿಲ್ಲ. ಸೀದಾ ಹುಮನಾಬಾದ್ ಠಾಣೆಗೆ ಬಂದು ಪಿಎಸ್‌ಐ ವಿದ್ಯಾವತಿಯ ಮೇಜಿನ ಮೇಲೆ ಮೊಬೈಲ್ ಇಟ್ಟ.

"ಓದ್ರಿ ಮೇಡಂ. ಕಳ್ಳ ತಾನೇ ಬರದಾನ."

ಇನ್‌ಸ್ಟಾದಲ್ಲಿ ಬಂದ ಸಂದೇಶ. ಕಳಿಸಿದವನ ಹೆಸರು ಮೋರಖಂಡಿ_ಕಿಂಗ್. ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿದ ಯುವಕನ ಫೋಟೋ. 'ಸುಲ್ತಾನನ್ನ ಕೊಡ್ತೀವಿ ಅಂದ್ರಿ. ಲಗ್ನದ ತನಕ ಯಾಕ ಕಾಯಬೇಕು? ನಾನೇ ಒಯ್ದೀನಿ. ಏನು ಮಾಡ್ತಿ ಮಾಡ್ಕೋ.'

ಯಾರಿವನು ಎಂದು ವಿದ್ಯಾವತಿ ಕೇಳಿದಳು. ಕಲ್ಲಿನಾಥ ಹಲ್ಲು ಕಡಿಯುತ್ತಲೇ ಹೇಳಿದ. ಹೆಸರು ಪ್ರೇಮಕುಮಾರ, ಊರು ಬಸವಕಲ್ಯಾಣದ ಹತ್ತಿರದ ಮೋರಖಂಡಿ. ಕಲ್ಲಿನಾಥನ ತಂಗಿ ಮನಿಷಾಳಿಗೆ ಗೊತ್ತಾದ ವರ. ನಿಶ್ಚಿತಾರ್ಥದ ದಿನ ದೇವಿಂದ್ರಪ್ಪ ಉಬ್ಬಿಹೋಗಿ, ಮಗಳ ಜೊತೆ ಸುಲ್ತಾನನನ್ನೂ ಅಳಿಯನಿಗೆ ಕೊಡುತ್ತೇನೆ ಎಂದು ಮಂದಿಯೆದುರು ಮಾತು ಕೊಟ್ಟಿದ್ದ. ಆ ಅಳಿಯನಿಗೆ ಅಷ್ಟೂ ತಾಳ್ಮೆ ಇರಲಿಲ್ಲವಂತೆ.

ರಾತ್ರಿ ತಾನೇ ಮೇವು ಹಾಕಿ ಮಲಗಿದ್ದಾಗಿ ಕಲ್ಲಿನಾಥ ಹೇಳಿದ. ಬೆಳಗಾಗುವಷ್ಟರಲ್ಲಿ ಟಗರು ಮಾಯ.

ವಿದ್ಯಾವತಿ ಕೊಟ್ಟಿಗೆಗೆ ಹೋಗಿ ನೋಡಿದಳು. ಹಗ್ಗವನ್ನು ನೀಟಾಗಿ ಕೊಯ್ದಿದ್ದರು. ಹೊಸಬರನ್ನು ಕಂಡರೆ ಗೋಡೆಗೆ ಒತ್ತಿ ಗುದ್ದುವ ಟಗರು ಅದು. ಆದರೂ ನೆಲದಲ್ಲಿ ಎಳೆದಾಟದ ಗುರುತಿಲ್ಲ. ಮೂಲೆಗೆ ಕಟ್ಟಿದ್ದ ನೇಲುಹಗ್ಗದ ಮೇಲೆ ಯಾವಾಗಲೂ ಇರುತ್ತಿದ್ದ ಅದರ ಕಂಬಳಿಯೂ ಇಲ್ಲ ಎಂದ ದೇವಿಂದ್ರಪ್ಪ. ಕದ್ದ ಟಗರಿಗೆ ಚಳಿಯಾಗಬಾರದು ಎಂದು ಯೋಚಿಸುವ ಕಳ್ಳನನ್ನು ಅವಳು ತನ್ನ ಸರ್ವಿಸ್ಸಿನಲ್ಲೇ ಕಂಡಿರಲಿಲ್ಲ.

* * *

ಅವಳು ಜೀಪು ಹತ್ತುವಷ್ಟರಲ್ಲಿ ಬಸ್‌ಸ್ಟ್ಯಾಂಡಿನಿಂದ ಫೋನು ಬಂತು. ಅಲ್ಲಿ ಹೊಡೆದಾಟ ನಡೆದಿತ್ತು.

ಹೊಡೆದಾಟ ಎನ್ನಲು ಎರಡು ಕಡೆಯವರು ಬೇಕು. ಇಲ್ಲಿ ಹೊಡೆಯುವವರು ಕಲ್ಲಿನಾಥನ ಗೆಳೆಯರು, ತಿನ್ನುವವನು ಒಬ್ಬನೇ. ಮದುವೆಯ ಸೂಟಿಗೆ ಅಳತೆ ಕೊಡಲು ಬಂದಿದ್ದ ಪ್ರೇಮಕುಮಾರ ಬಸ್ಸಿಳಿಯುವುದೇ ತಡ, ಕಾಲರ್ ಹಿಡಿದು ಎಳೆದಿದ್ದರು. ಸುತ್ತ ನಿಂತಿದ್ದ ಜನ ಬಿಡಿಸುವುದು ಬಿಟ್ಟು ವಿಡಿಯೋ ಮಾಡುತ್ತಿದ್ದರು. ವಿದ್ಯಾವತಿಗೆ ಮೈಯೆಲ್ಲ ಉರಿಯಿತು. ಲಾಠಿ ಬೀಸಿಕೊಂಡೇ ಒಳಗೆ ನುಗ್ಗಿದಳು. ಅವನನ್ನು ಎತ್ತಿದಾಗ ಎಡಗೈ ಮೊಣಕೈಯ ಕೆಳಗೆ ಜೋತುಬಿದ್ದಿತ್ತು.

* * *

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿಸಿಕೊಂಡು ಠಾಣೆಗೆ ಬಂದ ಪ್ರೇಮಕುಮಾರ ಒಂದೇ ಮಾತು ಹಿಡಿದ.

"ಆ ಹೆಸರು ನಂದಲ್ರಿ ಮೇಡಂ. ಅದನ್ನ ಬಿಟ್ಟೇನಿ."

ಈಗಿನ ಹುಡುಗರ ರೀತಿಯೇ ಬೇರೆ. ಉಂಗುರ ತೊಟ್ಟ ಮೇಲೆ ಇನ್‌ಸ್ಟಾದ ಹೆಸರೂ ಬದಲಾಗಬೇಕು. ಹುಡುಗಿಯ ಹೆಸರು ಅಂಟಿಸಿಕೊಳ್ಳದವನಿಗೆ ಪ್ರೀತಿಯೇ ಇಲ್ಲ ಎಂದು ಲೆಕ್ಕ. ಮನಿಷಾ ಕೇಳಿದ್ದಳು, ಪ್ರೇಮಕುಮಾರ ಮೋರಖಂಡಿ_ಕಿಂಗ್ ಹೋಗಿ ಪ್ರೇಮ್_ಮನಿಷಾ ಆಗಿದ್ದ. ಖಾತೆ ಅದೇ, ಹೆಸರಷ್ಟೇ ಹೊಸದು. ಬಿಟ್ಟ ಹೆಸರು ಸ್ವಲ್ಪ ದಿನ ಖಾಲಿ ಬಿದ್ದಿರುತ್ತದೆ. ಆಮೇಲೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು.

ಮೊಬೈಲಿನ ವಿಷಯದಲ್ಲಿ ಚುರುಕಾಗಿದ್ದ ಕಾನ್‌ಸ್ಟೇಬಲ್ ಸತೀಶಕುಮಾರ ಎರಡೂ ಖಾತೆ ತೆಗೆದು ನೋಡಿದ. ಪ್ರೇಮ್_ಮನಿಷಾದಲ್ಲಿ ಹಲವು ವರ್ಷಗಳ ಫೋಟೋಗಳಿದ್ದವು. ಮೋರಖಂಡಿ_ಕಿಂಗ್‌ನಲ್ಲಿ ಇದ್ದದ್ದು ಒಂದೇ ಫೋಟೋ, ಅದೂ ಅಲ್ಲಿಂದಲೇ ಎತ್ತಿದ್ದು. ಆದರೆ ಸತೀಶಕುಮಾರ ತಲೆ ಕೆರೆದುಕೊಂಡ. ಬಿಟ್ಟ ಹೆಸರಿನಲ್ಲಿ ಇವನೇ ಇನ್ನೊಂದು ಖಾತೆ ತೆರೆದು, ಸಿಕ್ಕಿಬಿದ್ದರೆ ಬಿಟ್ಟೆ ಎನ್ನಲು ದಾರಿ ಮಾಡಿಕೊಂಡಿರಬಹುದಲ್ಲ?

ಇರಬಹುದು. ವಿದ್ಯಾವತಿ ಕಲ್ಲಿನಾಥನನ್ನು ಕರೆದು ಕೇಳಿದಳು.

"ಹೆಸರು ಬದಲು ಮಾಡ್ಯಾನೇನು? ನನಗ ಬಿಲ್ಕುಲ್ ಗೊತ್ತಿಲ್ರಿ," ಎಂದ ಕಲ್ಲಿನಾಥ. "ಇವತ್ತಿಗೂ ನನಗ ಅವ ಮೋರಖಂಡಿ ಕಿಂಗೇ. ಬೇರೆ ಹೆಸರು ನಾ ಕೇಳೇ ಇಲ್ಲ."

ಅದನ್ನೇ ಬರೆಸಿಕೊಂಡು ಸಹಿ ಹಾಕಿಸಿಕೊಂಡಳು.

ಹೊರಗೆ ಮೋರಖಂಡಿಯಿಂದ ಬಂದವರು, ಹುಮನಾಬಾದಿನವರು ಎದುರುಬದುರು ನಿಂತು ಬಾಯಿಗೆ ಬಂದಂತೆ ಬೈದಾಡುತ್ತಿದ್ದರು. ಕಳ್ಳನ ಮನೆಗೆ ಮಗಳನ್ನು ಕೊಡುವುದಿಲ್ಲ, ನಾಳೆಯೇ ಸೀರೆ, ಉಂಗುರ ವಾಪಸ್ ಎಂದು ದೇವಿಂದ್ರಪ್ಪ ಎಲ್ಲರಿಗೂ ಕೇಳುವಂತೆ ಕೂಗಿದ. ಮನಿಷಾ ಠಾಣೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಅಳುತ್ತಿರಲಿಲ್ಲ. ವಿದ್ಯಾವತಿ ಹತ್ತಿರ ಹೋದಾಗ ತಲೆ ಎತ್ತಿದಳು.

"ಹೆಸರು ಬದಲು ಮಾಡು ಅಂದಾಕಿ ನಾನೇ ಮೇಡಂ. ಅವರು ಒಲ್ಲೆ ಅಂದಿದ್ರು. ನನ್ನ ಹಟದಿಂದ ಕೈ ಮುರಕೊಂಡ್ರು. ನಾಳೆ ಉಂಗುರ ಹೋತಂದ್ರ ನಾ ಇನ್ನೊಬ್ಬನ ಮುಂದ ಕೂಡಾಕಿ ಅಲ್ಲ."

ವಿದ್ಯಾವತಿಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ. ನಾಳೆಯ ತನಕ ಉಂಗುರ ಬಿಚ್ಚಬೇಡ ಎಂದಷ್ಟೇ ಹೇಳಿ ಜೀಪು ಹತ್ತಿದಳು.

* * *

ಊರಿನ ಬಾಯಲ್ಲಿ ಇನ್ನೊಂದು ಹೆಸರೂ ಓಡಾಡುತ್ತಿತ್ತು. ಬಸವಕಲ್ಯಾಣದ ಅವಿನಾಶ. ಬರುವ ವಾರ ಸುಲ್ತಾನನ ಎದುರು ಬಿಡಬೇಕಿದ್ದದ್ದು ಅವನ ಟಗರನ್ನೇ. ಸೋಲುವ ಭಯಕ್ಕೆ ಅವನೇ ಕದ್ದು, ಬೀಗರ ನಡುವೆ ಬೆಂಕಿ ಹಚ್ಚಿರಬೇಕು ಎಂದು ಮಂದಿ ಆಡಿಕೊಳ್ಳುತ್ತಿದ್ದರು.

ಅವಿನಾಶ ಪೊಲೀಸರನ್ನು ನೋಡಿ ಹೆದರಲಿಲ್ಲ, ಸಿಡಿದ. ನಿನ್ನೆಯಿಡೀ ಅಕ್ಕನ ಮಗುವಿನ ತೊಟ್ಟಿಲ ಕಾರ್ಯದಲ್ಲಿದ್ದನಂತೆ. ಓಣಿಗೆ ಓಣಿಯೇ ಸಾಕ್ಷಿ. ಕಾಳಗ ನಿಂತರೆ ತನಗೇ ನಷ್ಟ, ಸುಲ್ತಾನನ ಜೊತೆ ನಿಲ್ಲದ ಟಗರನ್ನು ಯಾರು ಮೂಸುತ್ತಾರೆ ಎಂದ. ಸಾಲದ್ದಕ್ಕೆ ಕಲ್ಲಿನಾಥ ತನ್ನ ಮರ್ಯಾದೆ ತೆಗೆದಿದ್ದಾನೆ ಎಂದು ಮೊಬೈಲ್ ಚಾಚಿದ.

"ನೋಡ್ರಿ, ಕಾಳಗದ ಪೋಸ್ಟರ್. ಊರ ಮಂದಿ ಹೆಸರೆಲ್ಲಾ ಬರದಾನ. ನನ್ನ ಹೆಸರೇ ಇಲ್ಲ."

ಕಳೆದ ವಾರ ಕಲ್ಲಿನಾಥ ತನ್ನ ಖಾತೆಯಲ್ಲಿ ಹಾಕಿದ್ದ ಪೋಸ್ಟರ್ ಅದು. ಕೆಳಗೆ ಅವನೇ ಬರೆದ ಸಾಲುಗಳು. ವಿದ್ಯಾವತಿ ಸುಮ್ಮನೆ ಕಣ್ಣಾಡಿಸಿದಳು. ಕೊನೆಯ ಸಾಲಿಗೆ ಬಂದು ನಿಂತಳು. ಮತ್ತೊಮ್ಮೆ ಓದಿದಳು. ಕೂಡಲೇ ಸತೀಶಕುಮಾರನಿಗೆ ಫೋನು ಮಾಡಿದಳು. ಕಲ್ಲಿನಾಥನ ಹೆಂಡತಿ ಪೂನಂಳನ್ನು ಒಂದೇ ಒಂದು ಪ್ರಶ್ನೆ ಕೇಳಬೇಕಿತ್ತು: ನಿನ್ನೆ ಸಂಜೆಯಿಂದ ಗಂಡ ಎಲ್ಲೆಲ್ಲಿದ್ದ?

ಪೂನಂಗೆ ಮುಚ್ಚಿಡಬೇಕು ಎಂದೇ ಗೊತ್ತಿರಲಿಲ್ಲ. ನಾರಾಯಣಪುರದಲ್ಲಿರುವ ತನ್ನ ಅಣ್ಣನಿಗೆ ಜ್ವರವೆಂದು, ಗೆಳೆಯನ ಗೂಡ್ಸ್ ಆಟೋ ತೆಗೆದುಕೊಂಡು ಗಂಡ ಸಂಜೆ ನೋಡಿಬರಲು ಹೋಗಿದ್ದ ಎಂದಳಂತೆ.

ಜ್ವರದವನನ್ನು ನೋಡಲು ಗೂಡ್ಸ್ ಆಟೋ. ವಿದ್ಯಾವತಿಯ ಜೀಪು ನಾರಾಯಣಪುರದ ಕಡೆ ತಿರುಗಿತು.

* * *

ಮಧ್ಯಾಹ್ನದ ಬಿಸಿಲು ಇಳಿಯುವ ಮೊದಲೇ ಅವಳು ಠಾಣೆಗೆ ಮರಳಿದ್ದಳು. ಎರಡೂ ಮನೆಯವರನ್ನು ಒಳಗೆ ಕರೆಸಿ, ಕಲ್ಲಿನಾಥನನ್ನು ಎದುರು ಕೂರಿಸಿದಳು.

"ಪ್ರೇಮಕುಮಾರನ ಹೊಸ ಹೆಸರು ನಿನಗ ಗೊತ್ತಿಲ್ಲ. ಹೌದಿಲ್ಲೋ?"

"ಹೌದ್ರಿ. ಬರಕೊಟ್ಟೇನಲ್ಲ."

ಪೋಸ್ಟರಿನ ಕೊನೆಯ ಸಾಲನ್ನು ಅವಳು ಎಲ್ಲರಿಗೂ ಕೇಳುವಂತೆ ಓದಿದಳು. 'ನಮ್ಮ ಮನಿ ಅಳಿಯ ಪ್ರೇಮ್_ಮನಿಷಾ ಅವರಿಗೂ ಸ್ವಾಗತ.'

ಕಲ್ಲಿನಾಥನ ಬಾಯಿ ಸೋಲಲಿಲ್ಲ. "ಅದು ಆ್ಯಪ್ ತಾನೇ ಬದಲು ಮಾಡ್ತದ್ರಿ. ನಾ ಬರದದ್ದು ಹಳೇದೇ."

ಅವಳಿಗೆ ಬೇಕಿದ್ದದ್ದೂ ಇದೇ. ಅವನದೇ ಖಾತೆಯಿಂದ ನಿಶ್ಚಿತಾರ್ಥದ ಫೋಟೋ ತೆಗೆದಳು. ಪ್ರೇಮಕುಮಾರನ ಮುಖದ ಮೇಲೆ ಬೆರಳಿಟ್ಟರೆ ಅಲ್ಲಿ ಮೂಡುವ ಹೆಸರು ಪ್ರೇಮ್_ಮನಿಷಾ. ಮುಖಕ್ಕೆ ಅಂಟಿಸಿದ ಹೆಸರು ಖಾತೆಯ ಜೊತೆಗೇ ಬದಲಾಗುತ್ತದೆ. ಆದರೆ ಅದೇ ಫೋಟೋದ ಕೆಳಗೆ ಕಲ್ಲಿನಾಥ ಕೈಯಾರೆ ಬರೆದದ್ದು ಮೋರಖಂಡಿ_ಕಿಂಗ್ ಎಂದು, ಇವತ್ತಿಗೂ ಹಾಗೆಯೇ ಇತ್ತು. ಆ್ಯಪ್ ತಾನಾಗಿ ಬದಲಿಸುವುದಾದರೆ ಇದೂ ಬದಲಾಗಬೇಕಿತ್ತು. ಅಂದರೆ ಪೋಸ್ಟರಿನ ಕೆಳಗೆ ಹೊಸ ಹೆಸರನ್ನು ಅವನೇ ಬರೆದಿದ್ದ.

"ಹೊಸ ಹೆಸರು ಗೊತ್ತಿದ್ದದ್ದು ತಪ್ಪಲ್ಲ. ಗೊತ್ತಿಲ್ಲ ಅಂದದ್ದು ಯಾಕ?" ಎಂದಳು ವಿದ್ಯಾವತಿ. "ಇನ್ನೊಂದು ಕೇಳು. ಊರಿಗೆಲ್ಲಾ ಇವ ಮೋರಖಂಡಿ ಕಿಂಗ್. ಪೋಸ್ಟರಿನ್ಯಾಗ ಆ ಹೆಸರು ಬರದಿದ್ರ ಮಂದಿ ಅದನ್ನ ಒತ್ತಿ ನೋಡ್ತಿದ್ರು. ಒತ್ತಿದ್ರ ಯಾರ ಖಾತೆ ತೆರೀತಿತ್ತು? ಪೋಸ್ಟರಿಗಿಂತ ಮೊದಲೇ ನೀ ಎತ್ತಿ ಇಟ್ಕೊಂಡಿದ್ದ ಖಾತೆ. ಅದಕ್ಕೇ ಹೊಸ ಹೆಸರು ಬರದಿ."

ಕಲ್ಲಿನಾಥ ಹಾರಾಡಿದ. ಇದಕ್ಕೆಲ್ಲ ಸಾಕ್ಷಿ ಏನು, ಮೋರಖಂಡಿಯವರು ಎಷ್ಟು ದುಡ್ಡು ತಿನ್ನಿಸಿದ್ದಾರೆ ಎಂದು ಕೂಗಿದ. ಉತ್ತರ ಹೊರಗಿನಿಂದ ಬಂತು. ಅಂಗಳದಲ್ಲಿ ಆಟೋ ನಿಂತ ಸದ್ದು, ಹಿಂದೆಯೇ ಹಲಗೆಗೆ ಗುದ್ದುವ ಸದ್ದು. ಸತೀಶಕುಮಾರ ಕಷ್ಟಪಟ್ಟು ಕೆಳಗಿಳಿಸಿದ. ಮೈಮೇಲೆ ಕಂಬಳಿ ಹೊದ್ದ ಸುಲ್ತಾನ. ಅದು ಸಿಕ್ಕಿದ್ದು ನಾರಾಯಣಪುರದಲ್ಲಿ, ಪೂನಂಳ ಅಣ್ಣನ ಹಟ್ಟಿಯಲ್ಲಿ. ಆ ಅಣ್ಣನಿಗೆ ಜ್ವರವೂ ಇರಲಿಲ್ಲ, ಸುಳ್ಳು ಹೇಳುವ ಧೈರ್ಯವೂ ಇರಲಿಲ್ಲ. ಸಂಜೆ ಭಾವ ತಂದು ಕಟ್ಟಿಹೋದ ಎಂದು ಒಂದೇ ಉಸಿರಿಗೆ ಒಪ್ಪಿಕೊಂಡಿದ್ದ. ರಾತ್ರಿ ಮೇವು ಹಾಕಿದೆ ಎಂದು ಕಲ್ಲಿನಾಥ ಹೇಳಿದ್ದು ಖಾಲಿ ಗೂಟಕ್ಕೆ.

ಕಂಬಳಿ ಇಲ್ಲದ್ದು ನೋಡಿದಾಗಲೇ ಅನುಮಾನ ಬಂದಿತ್ತು ಎಂದಳು ವಿದ್ಯಾವತಿ. ಮಾರುವ ಕಳ್ಳ ಕಂಬಳಿ ಒಯ್ಯುವುದಿಲ್ಲ. ಗುದ್ದುವ ಟಗರು ಗಲಾಟೆಯಿಲ್ಲದೆ ಹಿಂದೆ ನಡೆಯುವುದು ಸಾಕಿದವನ ಹಿಂದೆ ಮಾತ್ರ.

ಕಲ್ಲಿನಾಥ ಯಾರ ಮುಖವನ್ನೂ ನೋಡದೆ ಹೊರಗೆ ಹೋಗಿ ಟಗರಿನ ಕೊರಳು ತಬ್ಬಿಕೊಂಡ. ಎಲ್ಲರೂ ಅವನ ಹಿಂದೆಯೇ ಅಂಗಳಕ್ಕೆ ಬಂದರು.

"ಇದು ಹುಟ್ಟಿದ ದಿನ ಇದರ ತಾಯಿ ಸತ್ತಿತ್ತು. ಬಾಟ್ಲಿಯಾಗ ಹಾಲು ಕುಡಿಸಿ ಬೆಳಸಿದವ ನಾ. ಅಪ್ಪ ನನಗ ಒಂದು ಮಾತು ಕೇಳಲಿಲ್ಲ. ಮಂದಿ ಮುಂದ ಕೊಟ್ಟುಬಿಟ್ಟ. ಲಗ್ನ ಮುರದ್ರ ಇದು ನನ್ನ ಕಡೇನೇ ಇರ್ತದ ಅಂತ ಮಾಡಿದೆ."

ದೇವಿಂದ್ರಪ್ಪ ತಲೆ ತಗ್ಗಿಸಿದ. ವಿದ್ಯಾವತಿಗೂ ಒಂದು ಗಳಿಗೆ ಅವನ ಮೇಲೆ ಮರುಕ ಹುಟ್ಟಿತು. ಪ್ರೇಮಕುಮಾರನ ಕೈಯ ಪಟ್ಟಿ ಕಂಡಾಗ ಅದು ಆರಿಹೋಯಿತು. ಸುಳ್ಳು ದೂರಿಗೆ ಒಂದು, ಹಲ್ಲೆ ಮಾಡಿಸಿದ್ದಕ್ಕೆ ಒಂದು ಕೇಸು ಬರೆಯಲು ಹೇಳಿದಳು.

ಅಳಿಯನೆದುರು ಕೈಮುಗಿದು ದೇವಿಂದ್ರಪ್ಪ ಬೇಡಿಕೊಂಡ. ಆದದ್ದು ಆಯಿತು, ಲಗ್ನ ನಿಲ್ಲಿಸಬೇಡಿ, ಸುಲ್ತಾನನನ್ನು ಈಗಲೇ ಮೋರಖಂಡಿಗೆ ಹೊಡೆದುಕೊಂಡು ಹೋಗಿ ಎಂದ. ಪ್ರೇಮಕುಮಾರ ಮನಿಷಾಳ ಕಡೆ ನೋಡಿದ.

ಮನಿಷಾ ಮುಂದೆ ಬಂದು ಅಣ್ಣನ ಎದುರು ನಿಂತಳು.

"ಲಗ್ನ ಆಗ್ತದ ಅಪ್ಪಾ. ಟಗರು ಬ್ಯಾಡ, ಇವನ ಕಡೇನೇ ಇರಲಿ. ಅದಕ್ಕಾಗಿ ನನ್ನನ್ನ ಮಾರ್ಯಾನ, ಒಯ್ಯಲಿ." ಅವಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ನಾಳೆ ನನ್ನ ಮಕ್ಕಳಿಗೆ ಜವಳ ತೆಗೆಯೋ ದಿನ ಸೋದರಮಾವ ಎಲ್ಲಿ ಅಂತ ಮಂದಿ ಕೇಳ್ತಾರ. ಇಲ್ಲ ಅಂತೀನಿ."

ಪ್ರೇಮಕುಮಾರನ ಬಲಗೈ ಹಿಡಿದುಕೊಂಡು ಅವಳು ಗೇಟು ದಾಟಿದಳು. ಕಲ್ಲಿನಾಥ ತಂಗಿಯನ್ನು ಹೆಸರು ಹಿಡಿದು ಕೂಗಿದ. ಅವಳು ತಿರುಗಿ ನೋಡಲಿಲ್ಲ.