ಗೋಡೆಗೆ ಹಚ್ಚಿದ ಟಿಕಳಿ

ನೋಡಲು ಬಂದ ಗಂಡಿನವರ ಮುಂದೆ ತಲೆ ತಿರುಗಿ, ಚಹಾದ ಟ್ರೇ ಸಮೇತ ಬಿದ್ದಿದ್ದೆ. ಆ ನಾಚಿಕೆಗೆ ಶಹಾಬಾದಿನ ನಮ್ಮ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಮನೆಯಲ್ಲಿ ನಾನು, ಅಜ್ಜಿ ಇಬ್ಬರೇ. ತಲೆಸುತ್ತು ಹೋಗಲೆಂದು ಡಾಕ್ಟರ್ ಹೇಳಿದಂತೆ ಕಲ್ಲಿನ ಗೋಡೆಗೆ ಹಣೆಗಿಡುವ ಟಿಕಳಿ ಹಚ್ಚಿ, ಅದರಿಂದ ಕಣ್ಣು ಕದಲಿಸದೆ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಿದ್ದೆ.

“ಗ್ವಾಡಿ ಏನ್ ಕೇಳಾಕತ್ತದ ಯವ್ವಾ, ಒಲ್ಲೆ ಒಲ್ಲೆ ಅನ್ನಾಕತ್ತಿ?” ಅಜ್ಜಿ ನಕ್ಕಳು.

ಆಮೇಲೆ ತಲೆಯನ್ನು ಮೇಲೆ ಕೆಳಗೆ ಆಡಿಸುವ ವ್ಯಾಯಾಮ ಬಂತು. “ಹೂಂ ಅನಬ್ಯಾಡ,” ಎಂದಳು, ನಗಲಿಲ್ಲ. ನಾನು ಅವಳ ಮಾತು ಕೇಳದೆ ಆಡಿಸಿದೆ.

ಅಂದೇ ತಲೆಸುತ್ತು ನಿಂತಿತು. ಕಿತ್ತ ಟಿಕಳಿ, ಯಾರದೋ ಹಣೆಯಿಂದ ತೆಗೆದಂತೆ, ಬೆವರಿ ಬೆಚ್ಚಗಿತ್ತು. ಒಳಗೆ ಅಜ್ಜಿ ಬಾಗಿಲು ಹಿಡಿದು, “ಮನಿ ತಿರಗಾಕತ್ತದ” ಅಂದಳು.

ಈಗ ಅವಳೂ ಆ ಗೋಡೆಯ ಮುಂದೆ ಕೂತು ಒಲ್ಲೆ ಎಂಬಂತೆ ತಲೆ ಆಡಿಸುತ್ತಾಳೆ. ಮೇಲೆ ಕೆಳಗೆ ಮಾತ್ರ ಆಡಿಸುವುದಿಲ್ಲ. “ಹೂಂ ಅಂದ್ರ ಇದು ಯಾರಿಗಿ ಹೋಗಬೇಕು? ಮನ್ಯಾಗ ಇನ್ನ ನೀನೊಬ್ಬಾಕಿನೇ ಉಳದಿ,” ಅನ್ನುತ್ತಾಳೆ.

‘ಹೂಂ ಅನ್ನಜ್ಜಿ’ ಎನ್ನಲು ನನಗೂ ಬಾಯಿ ಬಂದಿಲ್ಲ.