ಕವರಿನೊಳಗೆ ಬೇರೆ ರೆಕಾರ್ಡ್

ಬುಧವಾರ ಬೆಳಗ್ಗೆ ಹತ್ತೂವರೆಗೆ ಅತ್ತಿಗುಂಡಿಯ ಎಸ್ಟೇಟ್ ಮಾಲೀಕ ಹರ್ಷವರ್ಧನ ಠಾಣೆಗೆ ಬಂದು ದೂರು ಕೊಟ್ಟರು. ಅವರ ಹೋಂಸ್ಟೇಯ ಕಪಾಟಿನಿಂದ ಹಳೆಯ ರೆಕಾರ್ಡೊಂದು ಕಳುವಾಗಿತ್ತು. ವಾಸುದೇವ ಕಿಣಿ ಎಂಬ ಹಿಂದಿನ ಕಾಲದ ಗಾಯಕರು ದೊಡ್ಡ ವಾದ್ಯವೃಂದದ ಜೊತೆ ಹಾಡಿದ ಪ್ರೇಮಗೀತೆಗಳು ಅದರಲ್ಲಿದ್ದವು. ಕವರ್ ಇದ್ದಲ್ಲೇ ಇತ್ತು. ಒಳಗೆ ಬೇರೆ ಯಾವುದೋ ರೆಕಾರ್ಡ್.

“ಯಾರ ಮೇಲೆ ಅನುಮಾನ?” ಎಸ್ಐ ರುದ್ರಾಣಿ ಕೇಳಿದರು.

“ಕೋಣೆ ಗುಡಿಸೋ ದೇವೀರಮ್ಮನ ಮೇಲೆ. ಸಂಜೆಯೊಳಗೆ ತಂದುಕೊಡದಿದ್ರೆ ಲೈನ್ ಮನೆ ಬಿಡು ಅಂದಿದೀನಿ.”

ಎಫ್‌ಐಆರ್ ದಾಖಲಿಸಿ ರುದ್ರಾಣಿ, ಹೆಡ್ ಕಾನ್‌ಸ್ಟೆಬಲ್ ಜಯದೇವಪ್ಪ ಹೊರಟರು. ಕೂಲಿಯವರ ಲೈನಿನಲ್ಲಿ ದೇವೀರಮ್ಮನ ಪಾತ್ರೆ, ಹಾಸಿಗೆ ಆಗಲೇ ಜಗಲಿಗೆ ಬಂದಿದ್ದವು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೀಗ ಹಿಡಿದು ನಿಂತಿದ್ದ.

“ತಗೊಂಡಿದ್ರೆ ಹೇಳಿಬಿಡು ದೇವೀರಕ್ಕ,” ಎಂದ ಜಯದೇವಪ್ಪ.

“ತಗೊಂಡು ಅದ್ರ ಮೇಲೆ ರೊಟ್ಟಿ ತಟ್ಲಾ ಮಾರಾಯ್ರೆ? ಕಳ್ಳಿ ಅಂತ ಹೆಸರು ಬಿದ್ರೆ ಇನ್ಯಾವ ಎಸ್ಟೇಟಲ್ಲಿ ಸೇರಿಸ್ಕೋತಾರೆ ನನ್ನ?”

ಮನೆಯಲ್ಲಿ ಏನೂ ಸಿಗಲಿಲ್ಲ.

ಕಪಾಟಿನ ಪಂಚನಾಮೆ ಮಾಡುವಾಗ ರುದ್ರಾಣಿ ಕವರುಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಎಲ್ಲದರಲ್ಲೂ ಒಳಗಿನ ಕಾಗದದ ಚೀಲದ ಬಾಯಿ ಕವರಿನ ಬಾಯಿಯ ಕಡೆಗೇ ಇತ್ತು. ಕಿಣಿಯವರ ಕವರಿನಲ್ಲಿ ಮಾತ್ರ ಅದು ಮೇಲಕ್ಕೆ ತಿರುಗಿತ್ತು.

“ಇದು ನೀವು ಇಟ್ಟಿದ್ದಾ?”

“ಅಲ್ಲ. ಧೂಳು ಒಳಗೆ ಹೋಗಬಾರದು ಅಂತ ಹಾಗೆ ತಿರುಗಿಸಿಡೋದು ರೆಕಾರ್ಡಲ್ಲಿ ಕೈ ಪಳಗಿದವ್ರು.”

“ಅಂಥವ್ರು ಯಾರು ಬಂದಿದ್ರು?”

ಹರ್ಷವರ್ಧನ ಕಪಾಟಿನ ಪಕ್ಕದ ರೆಕಾರ್ಡ್ ಪ್ಲೇಯರ್ ಕಡೆ ತಿರುಗಿದರು. “ಪ್ಲೇಯರ್ ರಿಪೇರಿಗೆ... ಕೊಟ್ಟಿಗೆಹಾರದ ಸಫ್ದರ್.”

ಜೀಪು ಕೊಟ್ಟಿಗೆಹಾರ ಮುಟ್ಟುವಾಗ ಹೊತ್ತು ಇಳಿದಿತ್ತು. ರಿಪೇರಿ ಅಂಗಡಿಯ ಶಟರ್ ಮುಚ್ಚಿತ್ತು. ಹಿಂದಿನ ಮನೆಯಿಂದ ಪಿಟೀಲಿನ ದನಿ ಬರುತ್ತಿತ್ತು. ಜಯದೇವಪ್ಪ ಬಾಗಿಲು ಬಡಿದ. ತೆಗೆದವನು ಸಫ್ದರ್. ಒಳಗೆ ಮಂಚದ ಮೇಲೆ ಅವನ ತಂದೆ ಗುಲಾಮ್ ಮುಸ್ತಫಾ, ಕಿವಿಯನ್ನು ಸ್ಪೀಕರಿಗೆ ಆನಿಸಿ ಕೂತಿದ್ದರು.

“ಇದೊಂದು ಹಾಡು ಮುಗೀಲಿ ಮೇಡಂ,” ಎಂದ ಸಫ್ದರ್.

“ಅಲ್ಲಿ ಒಬ್ಬಳ ಮನೆಗೆ ಬೀಗ ಬೀಳ್ತಿದೆ. ನಿಲ್ಸಿ.”

ಸಫ್ದರ್ ರೆಕಾರ್ಡಿನ ಮೇಲಿಂದ ಮುಳ್ಳು ಎತ್ತಿದ. ಮುದುಕರು ಏನಾಯಿತೆಂದು ತಿಳಿಯದೆ ಸ್ಪೀಕರನ್ನು ತಟ್ಟಿದರು. ಪಂಚರ ಎದುರು ರೆಕಾರ್ಡನ್ನು ವಶಕ್ಕೆ ಪಡೆದು, ಸಫ್ದರನನ್ನು ಬಂಧಿಸಿ, ರುದ್ರಾಣಿ ಅಲ್ಲಿಂದಲೇ ಹರ್ಷವರ್ಧನರಿಗೆ ಫೋನು ಮಾಡಿದರು. “ಮಾಲು ಸಿಕ್ಕಿದೆ. ದೇವೀರಮ್ಮನ ಸಾಮಾನು ಒಳಗಿಡ್ಸಿ. ನೀವೇ ನಿಂತು ಇಡ್ಸಿ.”

ಠಾಣೆಯಲ್ಲಿ ಸಫ್ದರ್ ಹೇಳಿಕೆ ಕೊಟ್ಟ. ಪ್ರಾಯದಲ್ಲಿ ಮುಂಬೈಗೆ ಹೋಗಿದ್ದಾಗ ಕಿಣಿಯವರ ಆ ಹಾಡುಗಳಿಗೆ ಪಿಟೀಲು ನುಡಿಸಿದ್ದು ಅವನ ತಂದೆ. ಕವರಿನ ಮೇಲೆ ಅವರ ಹೆಸರಿರಲಿಲ್ಲ, ಆದ್ದರಿಂದ ಊರು ನಂಬಲಿಲ್ಲ. ಹೋಟೆಲಿನಲ್ಲಿ ಅವರನ್ನು ಕರೆಯುತ್ತಿದ್ದದ್ದೇ ಬುರುಡೆ ಮುಸ್ತಫಾ ಅಂತ. ಕಿವಿ ಪೂರ್ತಿ ಹೋಗುವ ಮೊದಲು ಒಮ್ಮೆ ಕೇಳಿಸುತ್ತೇನೆ, ಒಂದು ದಿನಕ್ಕೆ ಕೊಡಿ ಎಂದು ಮಗ ಬೇಡಿದ್ದ. ಇದು ಹಾಕೋ ರೆಕಾರ್ಡಲ್ಲ, ಇಟ್ಕೊಳ್ಳೋದು ಎಂದಿದ್ದರು ಹರ್ಷವರ್ಧನ.

“ದೇವೀರಮ್ಮನ ಮೇಲೆ ಅಪವಾದ ಬಂದಿದ್ದು ಗೊತ್ತಿತ್ತಾ?” ರುದ್ರಾಣಿ ಕೇಳಿದರು.

“ಬೆಳಗ್ಗೆನೇ ಗೊತ್ತಾಯ್ತು. ಎಸ್ಟೇಟಿನವರೊಬ್ರು ಫೋನಲ್ಲಿ ಹೇಳಿದ್ರು.”

“ಆಮೇಲೂ ಸುಮ್ನಿದ್ರಿ.”

ಸಫ್ದರ್ ತಲೆ ತಗ್ಗಿಸಿದ. “ಮಾಡದ್ದಕ್ಕೆ ಹೆಸರು ಹೊತ್ಕೊಂಡು ಬದುಕೋದು ಹೇಗಿರುತ್ತೆ ಅಂತ ಹುಟ್ಟಿದಾಗಿಂದ ಮನೇಲೇ ನೋಡಿದೀನಿ ಮೇಡಂ. ನೋಡಿಯೂ ಸುಮ್ನಿದ್ದೆ.”

ರುದ್ರಾಣಿ ಆ ಮಾತನ್ನು ಹಾಗೆಯೇ ಬರೆದುಕೊಂಡು, ಸಹಿಗೆಂದು ಕಾಗದವನ್ನು ಅವನ ಕಡೆ ಸರಿಸಿದರು.