ಎಂಟೂವರೆಯ ಆಟ

"ಎಲ್ಲರೂ ಹೊರಗೆ ಬನ್ನಿ! ಆಟ ಸಾಕು... ಈಗಲೇ!"

ಮಾನ್ಯಳ ಕೂಗಿಗೆ ಮೈದಾನದಲ್ಲಿದ್ದ ಅವಳ ಹನ್ನೊಂದು ಹುಡುಗಿಯರೂ ನಿಂತಲ್ಲೇ ನಿಂತರು. ರೆಫರಿ ಸೀಟಿ ಊದುವುದನ್ನೇ ಮರೆತರು.

ದುಬೈನ ರಾಸ್ ಅಲ್ ಖೋರ್‌ನ ವರ್ಕ್‌ಶಾಪುಗಳ ಹಿಂದಿನ ಆ ಪುಟ್ಟ ಫುಟ್‌ಬಾಲ್ ಮೈದಾನದಲ್ಲಿ ಗಡಿಯಾರ ರಾತ್ರಿ ಒಂಬತ್ತು ನಲವತ್ತು ತೋರಿಸುತ್ತಿತ್ತು. ಆಟ ಮುಗಿಯಲು ಇನ್ನೂ ಹದಿನೈದು ನಿಮಿಷ ಬಾಕಿ. ಅದೂ ಮಾನ್ಯಳ ಕಾಲೇಜು ಒಂದು ಗೋಲಿನಿಂದ ಮುಂದಿತ್ತು!

"ಮಿಸ್, ಪ್ಲೀಸ್... ಜಸ್ಟ್ ಫಿಫ್ಟೀನ್ ಮಿನಿಟ್ಸ್!" ಗೋಲ್‌ಕೀಪರ್ ಶಮೀಮಳ ಕಣ್ಣು ತುಂಬಿತ್ತು.

"ಆಗಲ್ಲ ಶಮೀಮ. ಬಸ್ ಹತ್ತಿ. ಯಲ್ಲಾ, ಬೇಗ!"

ಆಟ ಬಿಟ್ಟು ಹೋಗುವ ಮನಸ್ಸು ಮಾನ್ಯಳಿಗೂ ಇರಲಿಲ್ಲ. ಆದರೆ ಏನು ಮಾಡುವುದು? ಅಲ್ ನಹ್ದಾದ ಹಾಸ್ಟೆಲಿನ ಗೇಟು ಹತ್ತಕ್ಕೆ ಮುಚ್ಚುತ್ತದೆ. ಹತ್ತು ಅಂದರೆ ಹತ್ತೇ. ಅರ್ಧರ್ಧ ಗಂಟೆಯ ಎರಡು ಅವಧಿಯ ಆಟ ಹೊತ್ತಿಗೆ ಶುರುವಾದರೆ ಒಂಬತ್ತು ನಲವತ್ತಕ್ಕೆ ಮುಗಿದುಬಿಡುತ್ತದೆ. ಇವತ್ತು ಮೈದಾನದ ದೀಪ ಕೈಕೊಟ್ಟು, ಇವರ ಎಂಟೂವರೆಯ ಆಟ ಹದಿನೈದು ನಿಮಿಷ ತಡವಾಗಿ ಶುರುವಾಗಿತ್ತು.

"ಎಂತ ಮಾಡ್ತಾ ಇದ್ದೀರಿ ನೀವು? ಗೆಲ್ಲುವ ಆಟ ಇದು!"

ಮಾನ್ಯ ಗಕ್ಕನೆ ತಿರುಗಿದಳು. ಗೆರೆಯ ಪಕ್ಕ ಒಬ್ಬ ಎತ್ತರದ ಯುವಕ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕುತ್ತಿಗೆಯಲ್ಲಿ ಲೀಗ್‌ನ ಗುರುತಿನ ಚೀಟಿ... ಆದರೆ ಬರಿಗಾಲು! ಶೂ ಎರಡೂ ಕೈಯಲ್ಲಿದ್ದವು.

ಯಾರಪ್ಪ ಇವನು, ಶೂ ಹಿಡಿದುಕೊಂಡು ಉಪದೇಶ ಮಾಡೋಕೆ ಬಂದವನು?

"ಬಿಟ್ಟು ಹೋದ್ರೆ ವಾಕ್‌ಓವರ್ ಆಗ್ತದೆ, ಆಡದೆಯೇ ಅವರು ಗೆದ್ದ ಹಾಗೆ. ಗೊತ್ತುಂಟಾ?"

"ಗೊತ್ತು! ಇದಾದ ಮೇಲೆ ಇನ್ನೊಂದು ವಾಕ್‌ಓವರ್ ಆದ್ರೆ ನಮ್ಮ ಟೀಮ್ ಲೀಗಿಂದಲೇ ಹೊರಗೆ ಅನ್ನೋದೂ ಗೊತ್ತು! ನನ್ನನ್ನ ಯಾಕೆ ಕೇಳ್ತೀರ? ಮೂರಕ್ಕೆ ಮೂರೂ ಆಟ ನಮಗೆ ರಾತ್ರಿ ಎಂಟೂವರೆಗೇ ಹಾಕಿದ್ದಾನಲ್ಲ ಒಬ್ಬ ಪುಣ್ಯಾತ್ಮ, ಅವನನ್ನ ಹೋಗಿ ಕೇಳಿ!"

ಅವನ ಮುಖ ಸಣ್ಣಗಾಯಿತು.

"ಅದು... ನಾನೇ."

ಮಾನ್ಯಳ ಮೂಗಿನ ತುದಿ ಕೆಂಪಾಯಿತು.

"ತುಂಬಾ ಸಂತೋಷ! ನಿಮಗೆ ಚೆನ್ನಾಗಿ ನಿದ್ದೆ ಬರಲಿ!"

ಬಸ್ ಹೊರಟಿತು. ಹಿಂದಿನ ಸೀಟಿನಿಂದ ಶಮೀಮಳ ಬಿಕ್ಕಳಿಕೆ ಮಾತ್ರ ಕೇಳುತ್ತಿತ್ತು. ಬಸ್ಸು ಗೇಟಿಗೆ ತಲುಪಿದಾಗ ಹತ್ತಕ್ಕೆ ಒಂದೇ ನಿಮಿಷ ಇತ್ತು.

* * *

ಮೈಸೂರಿನ ಮಾನ್ಯ ದುಬೈನ ಆ ಸಣ್ಣ ಕಾಲೇಜಿಗೆ ಬಂದಿದ್ದು ಸಂಖ್ಯಾಶಾಸ್ತ್ರ ಕಲಿಸಲು. ಹುಡುಗಿಯರ ಫುಟ್‌ಬಾಲ್ ತಂಡ ಅವಳ ತಲೆಗೆ ಬಂದಿದ್ದು ಬೇರೆ ಯಾರೂ ಒಪ್ಪಲಿಲ್ಲವೆಂದು. ಒಂದೇ ವರ್ಷದಲ್ಲಿ ಆ ಹನ್ನೆರಡು ಹುಡುಗಿಯರು ಅವಳ ಪ್ರಾಣವಾಗಿಬಿಟ್ಟಿದ್ದರು.

ಆರು ಸಣ್ಣ ಕಾಲೇಜುಗಳ ಲೀಗ್ ಅದು. ದೀಪವಿರುವ ಮೈದಾನ ಒಂದೇ. ದಿನಕ್ಕೆ ಎರಡು ಆಟ, ಆರಕ್ಕೊಂದು, ಎಂಟೂವರೆಗೊಂದು. ಅಬುಧಾಬಿಯ ಕಚೇರಿಯಿಂದ ಕರಡು ಪಟ್ಟಿ ಬರುತ್ತಿತ್ತು. ಬೇಡವೆಂದರೆ ನಲವತ್ತೆಂಟು ಗಂಟೆಯೊಳಗೆ ಆಕ್ಷೇಪಣೆಯ ನಮೂನೆ ತುಂಬಿ ಕಳಿಸಬೇಕು.

ಮೂರು ಸಲವೂ ಮಾನ್ಯ ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದಿದ್ದಳು. 'ಸಮಯ ಸರಿಯಿಲ್ಲ.'

ಕಾರಣ ಬರೆದಿರಲಿಲ್ಲ. ಆಕ್ಷೇಪಣೆಗಳೆಲ್ಲ ಆರೂ ಕಾಲೇಜಿಗೆ ಹೋಗುತ್ತವೆ. ನಮ್ಮ ಹುಡುಗಿಯರನ್ನು ಹತ್ತು ಗಂಟೆಗೆ ಗೇಟಿನೊಳಗೆ ಕೂಡಿಹಾಕುತ್ತಾರೆಂದು ಎದುರು ತಂಡದವರು ಆಡಿಕೊಂಡು ನಗಬೇಕೇ? ಅವಳ ಸ್ವಾಭಿಮಾನ ಒಪ್ಪಲಿಲ್ಲ.

ಮೂರು ಸಲವೂ ಒಂದೇ ಸಾಲಿನ ಉತ್ತರ ಬಂದಿತ್ತು. 'ಬದಲಾವಣೆ ಸಾಧ್ಯವಿಲ್ಲ. — ನಿಖಿಲ್ ಕೋಟ್ಯಾನ್.' ಅಲ್ಲೂ ಕಾರಣವಿಲ್ಲ!

ಆ ರಾತ್ರಿಯೇ ಅವಳು ಲೀಗ್ ಸಮಿತಿಗೆ ದೂರು ಬರೆದಳು. ಸಣ್ಣ ಕಾಲೇಜೆಂಬ ತಾತ್ಸಾರ, ಪಕ್ಷಪಾತ, ಎಲ್ಲವನ್ನೂ ಬರೆದಳು. ಮೂರನೆಯ ದಿನ ಉತ್ತರ ಬಂತು. ಮುಂದಿನ ಶನಿವಾರದ ಆಟವನ್ನು ಸಂಜೆ ಆರಕ್ಕೆ ಬದಲಿಸಲಾಗಿದೆ!

ಗೆದ್ದೆ, ಅಂದುಕೊಂಡಳು. ಆದರೂ ಯಾಕೋ ಬರಿಗಾಲಿನ ಆ ಮನುಷ್ಯನ ಸಣ್ಣಗಾದ ಮುಖ ಮತ್ತೆ ಮತ್ತೆ ನೆನಪಾಗುತ್ತಿತ್ತು. ಥೂ, ಅವನದ್ದೇನು ನನಗೆ?

ಅಷ್ಟರಲ್ಲಿ ಫೋನ್ ಬಂತು.

"ಮಾನ್ಯ ಅವರಾ? ನಾನು ನಿಖಿಲ್. ಫೋನ್ ಇಡಬೇಡಿ ಮಾರಾಯ್ರೆ, ಒಂದೇ ಮಾತು. ನಾಳೆ ಸಂಜೆ ಆರಕ್ಕೆ ಸರಿಯಾಗಿ ಒಮ್ಮೆ ಮೈದಾನಕ್ಕೆ ಬನ್ನಿ. ಬಂದು ನೋಡಿದ ಮೇಲೆ ಇನ್ನೊಂದು ದೂರು ಬರೆಯಿರಿ ಬೇಕಾದ್ರೆ."

ಬೆದರಿಕೆಯಾ? ಅಲ್ಲ... ಆ ದನಿಯಲ್ಲಿ ಬೇಡಿಕೆ ಇತ್ತು.

* * *

ಮರುದಿನ ಅವಳು ಹೋದಳು. ಸೂರ್ಯ ಇನ್ನೂ ಮುಳುಗಿರಲಿಲ್ಲ. ಖಾಲಿ ಮೈದಾನದ ಅಂಚಿನಲ್ಲಿ ನಿಖಿಲ್ ಒಂದು ನೋಟ್‌ಬುಕ್ ಹಿಡಿದು ನಿಂತಿದ್ದ.

"ಚಪ್ಪಲಿ ತೆಗೆದು ಒಂದು ಹೆಜ್ಜೆ ಇಡಿ. ಒಂದೇ ಹೆಜ್ಜೆ."

"ಇದೆಂಥಾ ಹುಡುಗಾಟ?"

"ಇಡಿ ಅಂದ್ರೆ..."

ಅವಳು ಚಪ್ಪಲಿ ಬಿಟ್ಟು, ಆ ಕೃತಕ ಹುಲ್ಲಿನ ಮೇಲೆ ಬಲಗಾಲು ಊರಿದಳು.

"ಅಮ್ಮಾ!"

ಬಿಸಿ ಹಂಚಿನ ಮೇಲೆ ಕಾಲಿಟ್ಟ ಹಾಗಾಯಿತು! ಹಿಂದಕ್ಕೆ ಹಾರಿದವಳು ಆಯತಪ್ಪಿ ಅವನ ತೋಳು ಹಿಡಿದಳು. ಹಿಡಿದದ್ದು ಗೊತ್ತಾದ ಕೂಡಲೇ ಬಿಟ್ಟಳು.

"ನಲವತ್ತೊಂಬತ್ತು ಡಿಗ್ರಿ," ಎಂದ ನಿಖಿಲ್ ಮೆಲ್ಲಗೆ. "ಸೆಪ್ಟೆಂಬರ್ ಕೊನೆಯಲ್ಲೂ ಆರು ಗಂಟೆಗೆ ಇಷ್ಟು ಉಂಟು. ಎಂಟೂವರೆಗೆ ಮೂವತ್ತಾರಕ್ಕೆ ಇಳೀತದೆ. ಆಟ ಇರುವ ದಿನವೆಲ್ಲ ಬಂದು ಬರೆದಿಟ್ಟಿದ್ದೇನೆ, ನೋಡಿ. ಥರ್ಮಾಮೀಟರ್ ಉಂಟು. ಆದ್ರೂ ಕಾಲಿಟ್ಟು ನೋಡದಿದ್ರೆ ನನಗೆ ಸಮಾಧಾನ ಇಲ್ಲ."

ಅಂದರೆ ಅಬುಧಾಬಿಯ ಖಾಲಿದಿಯಾದಲ್ಲಿರುವ ಈತ ಪ್ರತಿ ಸಲ ಒಂದೂವರೆ ಗಂಟೆ ಕಾರು ಓಡಿಸಿಕೊಂಡು ಬರುವುದು ಇದಕ್ಕೇ!

"ಆದ್ರೆ... ಬೇರೆ ಕಾಲೇಜಿನವರು ಆರಕ್ಕೆ ಆಡ್ತಾರಲ್ಲ?"

"ಅವರ ಹತ್ರ ಹದಿನೆಂಟು ಮಂದಿ ಇದ್ದಾರೆ. ಹತ್ತು ಹತ್ತು ನಿಮಿಷಕ್ಕೆ ಆಟಗಾರರನ್ನು ಬದಲಾಯಿಸ್ತಾರೆ. ನಿಮ್ಮಲ್ಲಿ ಬದಲಿಗೆ ಇರುವುದು ಒಬ್ಬಳು. ಹೋದ ವರ್ಷ, ನೀವು ಬರುವ ಮೊದಲು, ಆರರ ಆಟದಲ್ಲಿ ನಿಮ್ಮ ಗೋಲ್‌ಕೀಪರ್ ಚೆಂಡು ಹಿಡಿಯಲಿಕ್ಕೆ ಹಾರಿ ಬಿದ್ಲು. ಮೊಣಕಾಲು, ಮೊಣಕೈ ಎಲ್ಲ ಸುಲಿದು ಹೋಗಿತ್ತು. ಹಾಗಿದ್ರೂ ಆಡಿದ್ಲು, ಬದಲಿ ಯಾರೂ ಇಲ್ಲ ಅಂತ. ಆ ಪಟ್ಟಿ ಮಾಡಿದ್ದು ನಾನು..."

ಮಾನ್ಯಳಿಗೆ ಶಮೀಮಳ ಮೊಣಕೈ ಮೇಲಿನ ಕಲೆ ನೆನಪಾಯಿತು. ಕೇಳಿದಾಗಲೆಲ್ಲ "ಓಲ್ಡ್ ಸ್ಟೋರಿ ಮಿಸ್" ಎಂದು ನಗುತ್ತಿದ್ದಳಲ್ಲ ಆ ಹುಡುಗಿ!

ಎಂಥ ತಪ್ಪು ಮಾಡಿಬಿಟ್ಟೆ... ಕಾಪಾಡಲು ನಿಂತವನ ಮೇಲೇ ದೂರು ಬರೆದೆನಲ್ಲ!

"ಇದನ್ನ ಮೊದಲೇ ಬರೀಬಹುದಿತ್ತಲ್ಲ ನೀವು?" ಅವಳ ಕಣ್ಣಲ್ಲಿ ನೀರಾಡಿತು.

"ಕಾರಣ ಬರೆಯಬಾರದು ಅಂತ ನಮ್ಮಲ್ಲಿ ರೂಲ್ಸ್ ಉಂಟು. ಬರೆದ್ರೆ ಆರೂ ಕಾಲೇಜಿನವರು ಜಗಳಕ್ಕೆ ಬರ್ತಾರೆ. ಅದಿರಲಿ... ಎಂಟೂವರೆ ನಿಮಗೆ ಎಂತಕ್ಕೆ ಆಗುವುದಿಲ್ಲ? ನೀವೂ ಹೇಳ್ಲಿಲ್ಲ ಅಲ್ವಾ?"

ಮಾನ್ಯ ತಲೆ ತಗ್ಗಿಸಿ ಗೇಟಿನ ಕಥೆ ಹೇಳಿದಳು. ಕೇಳಿ ಮುಗಿಸಿದ ನಿಖಿಲ್ ಹಣೆ ಬಡಿದುಕೊಂಡ.

"ಅಯ್ಯೋ ದೇವ್ರೇ! ಹದಿನೈದು ನಿಮಿಷಕ್ಕೆ ಇಷ್ಟು ರಂಪವಾ! ಗೇಟಿನ ಬೀಗದ ಕೈ ಯಾರ ಹತ್ರ ಉಂಟು?"

"ವಾರ್ಡನ್ ಬೆಟ್ಟಿ ಆಂಟಿ ಹತ್ರ. ಹತ್ತೊಂಬತ್ತು ವರ್ಷದಿಂದ ಒಂದು ದಿನವೂ ಹತ್ತು ದಾಟಿಸಿಲ್ಲ."

"ನೀವು ಅವರ ಹತ್ರ ಕೇಳಿದ್ದೀರಾ?"

"ಅವರನ್ನಾ? ಅವರನ್ನ ಕೇಳೋ ಧೈರ್ಯ ಯಾರಿಗಿದೆ!"

ನಿಖಿಲ್ ನಕ್ಕ. ಅವನು ನಗುವುದನ್ನು ಅವಳು ನೋಡಿದ್ದು ಅದೇ ಮೊದಲು. ಎದೆಯೊಳಗೆ ಏನೋ ಹಗುರಾಯಿತು. ಯಾಕೆಂದು ಅವಳು ಕೇಳಿಕೊಳ್ಳಲಿಲ್ಲ. ನಮಗೆ ಗೊತ್ತು, ಬಿಡಿ.

"ನಡೀರಿ, ಕೇಳುವ."

* * *

ಬೆಟ್ಟಿ ಆಂಟಿ ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಮಾನ್ಯ ತೊದಲುತ್ತಲೇ ಎಲ್ಲವನ್ನೂ ಒಪ್ಪಿಸಿದಳು.

"ಗೇಟು ಹತ್ತಕ್ಕೆ ಮುಚ್ಚುವುದೇ," ಎಂದರು ಆಂಟಿ ಖಡಕ್ಕಾಗಿ. "ಮಕ್ಕಳನ್ನು ಊರಿಂದ ನಂಬಿ ಕಳಿಸಿದ್ದಾರೆ. ನನ್ನ ಕಣ್ಣ ಮುಂದೆ ಇರ್ಬೇಕು. ಖಲಾಸ್!"

ಮಾನ್ಯಳ ಮುಖ ಬಾಡಿತು. ಆದರೆ ನಿಖಿಲ್ ಕದಲಲಿಲ್ಲ.

"ಸರಿ ಬೆಟ್ಟಿ ಬಾಯಿ. ಮಕ್ಕಳು ನಿಮ್ಮ ಕಣ್ಣ ಮುಂದೆಯೇ ಇರ್ಲಿ. ಶನಿವಾರ ನೀವೂ ಬಸ್ಸಲ್ಲಿ ಬನ್ನಿ, ಆಟ ನೋಡ್ಲಿಕ್ಕೆ."

ಆಂಟಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಹತ್ತೊಂಬತ್ತು ವರ್ಷ ಆಯ್ತು," ಎಂದರು ನಿಧಾನವಾಗಿ. "ಗೇಟು ಮುಚ್ಚಬೇಡಿ ಅಂತ ಹೇಳ್ಲಿಕ್ಕೆ ಎಷ್ಟೋ ಜನ ಬಂದಿದ್ದಾರೆ. ನೀವೂ ಬನ್ನಿ ಅಂತ ಯಾರೂ ಕರೀಲಿಲ್ಲ ನೋಡು, ಬಾಬಾ."

"ಬರ್ತೀರಾ ಆಂಟಿ?" ಮಾನ್ಯ ಉಸಿರು ಬಿಗಿಹಿಡಿದಳು.

"ನಮ್ಮ ಶಮೀಮ ಚೆಂಡು ಹಿಡಿಯುವುದನ್ನು ನೋಡ್ಬೇಕಲ್ಲ ನನಗೆ! ಉಳಿದ ಮಕ್ಕಳನ್ನು ಅಸಿಸ್ಟೆಂಟ್ ನೋಡ್ಕೊಳ್ತಾಳೆ. ಆದ್ರೆ ಗೇಟಿನ ಬೀಗ ಹಾಕುವುದು ನಾನೇ, ಬಂದ ಮೇಲೆ." ಆಂಟಿಯ ಮುಖದಲ್ಲಿ ತುಂಟ ನಗು ಮೂಡಿತು. "ನಾನು ಬಂದಾಗಲೇ ಹತ್ತು ಗಂಟೆ!"

ಆ ರಾತ್ರಿ ಮಾನ್ಯ ದೂರನ್ನು ಹಿಂತೆಗೆದುಕೊಂಡು, ಎಂಟೂವರೆಯ ಆಟವನ್ನೇ ಕೇಳಿ ಪತ್ರ ಬರೆದಳು. ಕಾರಣದ ಜಾಗದಲ್ಲಿ ಹೀಗೆ ಬರೆದಳು: 'ಹುಲ್ಲು ಬಿಸಿ ಇದೆ. ನಾನೇ ಕಾಲಿಟ್ಟು ನೋಡಿದ್ದೇನೆ. ತಪ್ಪು ನನ್ನದು.'

* * *

ಶನಿವಾರದ ಎಂಟೂವರೆಯ ಆಟ ಮತ್ತೆ ತಡವಾಗಿಯೇ ಶುರುವಾಯಿತು. ಆದರೆ ಈ ಸಲ ಮಾನ್ಯ ಗಡಿಯಾರ ನೋಡಲಿಲ್ಲ.

ಒಂಬತ್ತು ನಲವತ್ತಕ್ಕೆ ಒಂದೊಂದು ಗೋಲಿನ ಸಮಬಲ. ಹುಡುಗಿಯರು ಅಭ್ಯಾಸಬಲದಿಂದ ಒಮ್ಮೆ ಗೆರೆಯತ್ತ ನೋಡಿದರು. ಅಲ್ಲಿ ಬೆಟ್ಟಿ ಆಂಟಿ ಬೀಗದ ಕೈಗೊಂಚಲನ್ನು ಮೇಲೆತ್ತಿ ಗಲಗಲ ಅಲ್ಲಾಡಿಸುತ್ತಿದ್ದರು!

"ಎಂತ ನೋಡ್ತೀರಿ? ಆಡಿ ಮಕ್ಕಳೇ, ಆಡಿ!"

ಕೊನೆಯ ನಿಮಿಷದಲ್ಲಿ ಎದುರು ತಂಡದ ಹುಡುಗಿ ಬಲವಾಗಿ ಒದ್ದ ಚೆಂಡಿಗೆ ಶಮೀಮ ಬಲಕ್ಕೆ ಹಾರಿದಳು. ಚೆಂಡನ್ನು ತಬ್ಬಿಕೊಂಡು ಬಿದ್ದಳು... ಎದ್ದಳು. ಮೊಣಕೈ ತಿರುಗಿಸಿ ನೋಡಿಕೊಂಡಳು. ಏನೂ ಆಗಿರಲಿಲ್ಲ. ಅವಳು ನಕ್ಕಳು.

ಕೊನೆಯ ಸೀಟಿ! ಆಟ ಡ್ರಾ. ಆದರೆ ಪೂರ್ತಿ ಆಡಿ ಮುಗಿಸಿದ ಆಟ! ತಂಡ ಲೀಗ್‌ನಲ್ಲೇ ಉಳಿಯಿತು. ಹುಡುಗಿಯರು ಕಪ್ ಗೆದ್ದವರಂತೆ ಬೆಟ್ಟಿ ಆಂಟಿಯನ್ನು ಸುತ್ತುವರಿದು ಕುಣಿದರು.

ಮಾನ್ಯ ಕಣ್ಣೊರೆಸಿಕೊಂಡು ತಿರುಗಿದರೆ, ಬರಿಗಾಲಿನ ನಿಖಿಲ್ ನಿಂತಿದ್ದ. ಕೈಯಲ್ಲಿ ಮಡಚಿದ ಹಾಳೆ.

"ಒಂದು ಕರಡು ಪಟ್ಟಿ ಉಂಟು. ಆಕ್ಷೇಪಣೆಗೆ ನಲವತ್ತೆಂಟು ಗಂಟೆ ಸಮಯ."

ಮಾನ್ಯ ಬಿಡಿಸಿ ಓದಿದಳು. 'ಶುಕ್ರವಾರ. ಮಾನ್ಯ, ನಿಖಿಲ್. ಸ್ಥಳ: ಅಬುಧಾಬಿಯ ಕಡಲ ದಂಡೆ, ಖಾಲಿದಿಯಾ ಕಡೆ. ಒಂದು ಚಹಾ.'

ಅವಳ ಕೆನ್ನೆ ಬಿಸಿಯಾಯಿತು. ಆ ಮೈದಾನಕ್ಕಿಂತ ಹೆಚ್ಚೇ ಇರಬೇಕು.

"ನಿಮ್ಮ ಮೇಲೆ ದೂರು ಬರೆದವಳು ನಾನು..."

"ಅದಕ್ಕೂ ಮೊದಲು ಮೂರು ಆಕ್ಷೇಪಣೆ ಬರೆದಿದ್ರಿ." ಅವನ ದನಿ ಮೆತ್ತಗಾಯಿತು. "ಉಳಿದವರೆಲ್ಲ ಅವರ ಲಾಭಕ್ಕೆ ಎರಡೆರಡು ಪುಟ ಬರೀತಾರೆ. ನಿಮ್ಮದು ಒಂದೇ ಸಾಲು. ಈ ಹುಡುಗಿಗೆ ಎಂತ ಕಷ್ಟ ಉಂಟೋ ಅಂತ ನಾನು ತುಂಬ ಯೋಚನೆ ಮಾಡ್ತಿದ್ದೆ. ಮೂರನೆಯದಕ್ಕೆ ಕಾದು ಕೂತಿದ್ದೆ. ಸತ್ಯ ಹೇಳ್ತೇನೆ ಮಾನ್ಯ, ನನಗೆ ನೀವು ಇಷ್ಟ."

ಮಾನ್ಯ ಅವನ ಜೇಬಿನ ಪೆನ್ನು ತಾನೇ ತೆಗೆದುಕೊಂಡು, ಹಾಳೆಯ ಕೆಳಗೆ ಏನೋ ಬರೆದು ಕೊಟ್ಟಳು. ಯಾವಾಗಲೂ ಇಂಗ್ಲಿಷಿನಲ್ಲಿ ಬರೆಯುತ್ತಿದ್ದವಳು ಈ ಸಲ ಕನ್ನಡದಲ್ಲಿ ಬರೆದಿದ್ದಳು.

'ಆಕ್ಷೇಪಣೆ: ಸಮಯ ಸಾಲದು.'

ನಿಖಿಲ್ ಎರಡು ಸಲ ಓದಿದ.

"ಮತ್ತೆ ಕಾರಣ ಬರೀಲಿಲ್ಲ ನೀವು..."

"ಬರೆಯಲ್ಲ. ಈ ಸಲ ಬಾಯಲ್ಲೇ ಹೇಳ್ತೀನಿ." ಅವಳು ತಲೆಯೆತ್ತಿ ಅವನ ಕಣ್ಣನ್ನೇ ನೋಡಿದಳು. "ನಂಗೂ ನೀವು ಇಷ್ಟ. ಒಂದು ಶುಕ್ರವಾರ ನಂಗೆ ಸಾಕಾಗಲ್ಲ, ನಿಖಿಲ್."

ಬಸ್ಸಿನ ಕಿಟಕಿಯಿಂದ ಬೆಟ್ಟಿ ಆಂಟಿಯ ದನಿ ಬಂತು. "ನಿಧಾನ ಮಾತಾಡಿ ಬನ್ನಿ ಮಗಾ! ಬೀಗದ ಕೈ ನನ್ನ ಹತ್ರ ಉಂಟು!"

ಹುಡುಗಿಯರೆಲ್ಲ ಹೋ ಎಂದು ನಕ್ಕರು. ಮಾನ್ಯ ನಾಚಿ ಬಸ್ಸಿಗೆ ಬೆನ್ನು ತಿರುಗಿಸಿದಳು.

"ಹಾಗಾದ್ರೆ ಎಷ್ಟು ಶುಕ್ರವಾರ ಹಾಕ್ಲಿ?" ಕೇಳಿದ ನಿಖಿಲ್.

"ಇರೋದೆಲ್ಲಾ ಹಾಕಿ."

"ಆರಕ್ಕಾ? ಎಂಟೂವರೆಗಾ?"

ಮಾನ್ಯ ಬಗ್ಗಿ, ತನ್ನ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು. ತಣಿದ ಹುಲ್ಲಿನ ಮೇಲೆ ಅವನ ಪಕ್ಕಕ್ಕೆ ಬಂದು ನಿಂತಳು.

"ಎಂಟೂವರೆಗೇ ಇರಲಿ," ಎಂದಳು.